ಹೂವಿನ ಗಾಡಿಗೆ ನಾನು ಹಾಕಿದ ಡೀಸೆಲ್ ಜಳಕ

ಆ ಗಾಡಿಯಾಗ ಕ್ಲಚ್ ಪೆಡಲ್ ಇರಲಿಲ್ಲ. ಅದನ್ನ ನೋಡಿದ ಕೂಡಲೇ ಇದು ನನ್ನ ಕೆಲಸ ಅಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಮುಂದಿನದೆಲ್ಲ ಅಲ್ಲಿಂದಲೇ ಶುರು ಆತು.

ನಮ್ಮ ಗ್ಯಾರೇಜು ಹೂವಿನಹಡಗಲಿಯಾಗ ಐತಿ. ಗಂಡ ಇದ್ದಾಗ ಎಂಜಿನ್ ಕೆಲಸ ಅವನದು, ಎಣ್ಣಿ ಕೆಲಸ ನನ್ನದು. ಅವನು ಹೋದ ಮ್ಯಾಲ ಎಂಜಿನ್ ಬಿಚ್ಚೋದು ಬಿಟ್ಟೆ, ಎಣ್ಣಿ ಕೆಲಸ ಇಟ್ಟುಕೊಂಡೆ. ಅಕ್ಷರ ನನಗ ಅಷ್ಟಕ್ಕಷ್ಟೇ. ಡಬ್ಬಿ ಮ್ಯಾಲಿನ ನಂಬರ್ ಓದ್ತೀನಿ, ಕನ್ನಡ ಕೂಡಿಸಿ ಕೂಡಿಸಿ ಬರೀತೀನಿ. ಆದರ ಗೇರ್ ಬಾಕ್ಸ್ ತೊಳೆಯೋದರಾಗ ಈ ಕಡೆ ನನ್ನ ಹೆಸರು ಐತಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯಿಂದನೂ ಟ್ರ್ಯಾಕ್ಟರಿನವರು ನನ್ನ ಹುಡುಕಿಕೊಂಡು ಬರ್ತಾರ.

ನಾವು ಅದಕ್ಕ ಡೀಸೆಲ್ ಜಳಕ ಅಂತೀವಿ. ಗಾಡಿ ಓಡಿಸಿ ಎಣ್ಣಿ ಬಿಸಿ ಮಾಡಬೇಕು, ಕೆಳಗಿನ ಬೋಲ್ಟ್ ಬಿಚ್ಚಿ ಹಳೇ ಎಣ್ಣಿ ಇಳಿಸಬೇಕು, ಬಾಕ್ಸಿಗೆ ಡೀಸೆಲ್ ಸುರುವಬೇಕು. ಗಾಲಿ ಎತ್ತಿ ನಿಲ್ಲಿಸಿ ಒಂದೊಂದೇ ಗೇರಿನ್ಯಾಗ ತಿರುಗಿಸಬೇಕು. ಒಳಗಿನ ಹೊಲಸೆಲ್ಲ ಡೀಸೆಲ್ಲಿನ ಕೂಡ ಹೊರಗ ಬರತೈತಿ. ಆಮ್ಯಾಲ ಹೊಸ ಎಣ್ಣಿ. ಟ್ರ್ಯಾಕ್ಟರ್, ಜೀಪು, ಲಾರಿ, ಯಾವದಕ್ಕೂ ಇದರಿಂದ ಕೇಡಾಗಿದ್ದು ನಾನು ಕಂಡಿಲ್ಲ. ಕ್ಲಚ್ ಇಲ್ಲದ ಗಾಡಿಗೂ ಗೇರ್ ಬಾಕ್ಸೇ ತಾನೇ ಇರೋದು ಅಂದುಕೊಂಡೆ.

ಗಾಡಿ ತಂದಾಕಿ ಮಲ್ಲಿಗಿ ವ್ಯಾಪಾರದ ಹೆಣ್ಣುಮಗಳು. ಸಣ್ಣಾಕಿ ಇದ್ದಾಗ ಪೋಲಿಯೋ ಬಡಿದು ಎಡಗಾಲು ಸೋತೈತಿ, ಬಡಿಗಿ ಹಿಡಿದು ನಡೀತಾಳ. ಎಡಗಾಲಿಗೆ ಕೆಲಸ ಇಲ್ಲದ ಗಾಡಿ ಬೇಕು ಅಂತ ಹುಬ್ಬಳ್ಳಿಯಿಂದ ಈ ಹಳೇ ಆಟೋಮ್ಯಾಟಿಕ್ ಕಾರು ಕೊಂಡು ತಂದಿದ್ದಳು. ಬೆಳಕು ಹರಿಯೋ ಮುಂಚೆ ಮಾಗಳದ ತೋಟಗಳಿಗೆ ಹೋಗಿ, ಮೊಗ್ಗು ತುಂಬಿಕೊಂಡು ಬಂದು, ಹಡಗಲಿ ಬಸ್ ಸ್ಟ್ಯಾಂಡಿನ್ಯಾಗ ದಾವಣಗೆರಿ ಬಸ್ಸಿಗೆ ಏರಿಸಬೇಕು. ಗಂಡ ತೀರಿಕೊಂಡಾಗಿಂದ ಈ ವ್ಯಾಪಾರ ಆಕಿದೇ. ಮೈದುನ ಒಬ್ಬ ಅದಾನ, ಅವನ ಕಣ್ಣು ಆ ತೋಟಗಳ ಮ್ಯಾಲ. ತೋಟದವರದ್ದು ಒಂದೇ ರೀತಿ: ಮೊಗ್ಗು ಬಿಡಿಸೋ ಹೊತ್ತಿಗೆ ಯಾರು ಬಂದು ನಿಲ್ತಾರೋ ಅವರಿಗೆ ಹೂವು. ನಾಕು ದಿನ ಬರದಾಕಿಗೆ ತೋಟ ಉಳಿಯಂಗಿಲ್ಲ.

"ಬೂಬಮ್ಮ, ಗೇರ್ ಬದಲಾಗುವಾಗ ಹಿಂದಿಂದ ಯಾರೋ ಒದ್ದಂಗ ಆಗತೈತ್ರಿ," ಅಂದಳು.

"ಗೇರ್ ಎಣ್ಣಿ ಯಾವಾಗ ಬದಲಿ ಮಾಡಿಸಿದ್ದಿ?"

"ಅದಕ್ಕೂ ಎಣ್ಣಿ ಇರತೈತೇನ್ರಿ?"

ನಾನು ನಕ್ಕೆ. ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಕೇಳಲಿ ಅಂತಲೇ ಗಟ್ಟಿಯಾಗಿ ನಕ್ಕೆ. "ಇಷ್ಟು ದಿನ ನೀ ಗಾಡಿ ಓಡಿಸಿಲ್ಲವ್ವ, ಗಾಡೀನೇ ನಿನ್ನ ಮ್ಯಾಲ ಕನಿಕರ ಪಟ್ಟು ಓಡೈತಿ," ಅಂದೆ. ಆಕಿ ತಲಿ ಬಗ್ಗಿಸಿ ಬೆಂಚಿನ ಮ್ಯಾಲ ಕುಂತಳು.

ಗೇರ್ ಎಣ್ಣಿಯ ಅಳತಿ ಕಡ್ಡಿ ಎಳೆದು ನೋಡಿದೆ. ಡಾಂಬರಿನಂಥ ಎಣ್ಣಿ, ಪಾಕ ಹೊತ್ತಿದ ವಾಸನಿ. ಬಿಡಿಭಾಗದ ಅಂಗಡಿಗೆ ಹೋಗಿ ಈ ಗಾಡಿಯ ಗೇರ್ ಬಾಕ್ಸಿಗೆ ಹಾಕೋ ಕೆಂಪೆಣ್ಣಿ ಕೇಳಿದೆ. ಅಂಗಡಿಯವ ಡಬ್ಬಿ ಇಳಿಸುತ್ತಾ ಅಂದ:

"ಹಳೇ ಆಟೋಮ್ಯಾಟಿಕ್ ಅಂದ್ರ ಹುಷಾರ್ರಿ ಬೂಬಮ್ಮ. ಹರಪನಹಳ್ಳ್ಯಾಗ ಒಬ್ಬ ಮೇಸ್ತ್ರಿ ಅದಾನ, ದುಬೈದಾಗ ಬರೇ ಇಂಥಾ ಬಾಕ್ಸೇ ಬಿಚ್ಚಿ ಬಂದಾನ. ಒಂದು ಮಾತು ಕೇಳ್ರಿ, ನಂಬರ್ ಕೊಡ್ತೀನಿ."

"ಅವನು ಚಡ್ಡಿ ಹಾಕೋ ಮುಂಚೆ ನಾನು ಗೇರ್ ಬಾಕ್ಸ್ ತೊಳದೀನಿ."

"ತೊಳದೀರಿ, ಇಲ್ಲ ಅಂದವರಾರು. ಕೇಳಿದ್ರ ಬಾಯಿ ಸವೆಯಂಗಿಲ್ಲ ಅಂದೆ."

ನಂಬರ್ ಈಸಿಕೊಂಡೆ, ಫೋನ್ ಮಾಡಲಿಲ್ಲ.

ಗಾಡಿ ಎತ್ತಿ ನಿಲ್ಲಿಸಿ ಕೆಳಗಿನ ಬೋಲ್ಟ್ ಬಿಚ್ಚಿದೆ. ಕರೇ ಎಣ್ಣಿ ಇಳಿದು ನಿಂತಿತು. ಅಷ್ಟೇ ಡೀಸೆಲ್ ಅಳೆದು ಕಡ್ಡಿಯ ಕೊಳವಿಯಿಂದ ಒಳಗ ಸುರುವಿದೆ. ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ, ಗೇರ್ ಹಿಡಿ ಹಿಂದ ಮುಂದ ಎಳೆದೆ. ಮತ್ತ ಇಳಿಸಿದೆ. ಸುರುವಿದಷ್ಟೇ ಹೊರಗ ಬಂತು, ಕಪ್ಪಗ ಬಂತು. ಹೊಲಸೆಲ್ಲ ಹೋತು ಅಂತ ಹಿಗ್ಗಿದೆ. ಬಂದದ್ದು ಬರೇ ಡೀಸೆಲ್ ಅಲ್ಲ, ಅರ್ಧ ಹಳೇ ಎಣ್ಣಿ, ಅಷ್ಟು ಡೀಸೆಲ್ ಒಳಗೇ ಉಳೀತು ಅನ್ನೋದು ನನ್ನ ತಲಿಗೆ ಹೊಳೆಯಲಿಲ್ಲ. ಟ್ರ್ಯಾಕ್ಟರಿನ ಬಾಕ್ಸು ಪಾತ್ರಿ ಇದ್ದಂಗ, ಬೋಲ್ಟ್ ಬಿಚ್ಚಿದರ ಖಾಲಿ. ಈ ಬಾಕ್ಸಿನ ಮುಂದ ಎಂಜಿನ್ನಿಗೆ ಅಂಟಿಕೊಂಡು ಗುಂಡನೆಯದೊಂದು ಕೊಡ ಐತಿ. ಕ್ಲಚ್ಚಿನ ಕೆಲಸ ಅದು ಮಾಡತೈತಿ, ಅರ್ಧಕ್ಕಿಂತ ಹೆಚ್ಚು ಎಣ್ಣಿ ಅದರ ಹೊಟ್ಟಿಯಾಗ ಇರತೈತಿ. ಕೆಳಗಿನ ಬೋಲ್ಟಿನಿಂದ ಅದು ಖಾಲಿ ಆಗಂಗಿಲ್ಲ. ಇದು ನನಗ ಆಗ ಗೊತ್ತಿರಲಿಲ್ಲ.

ಕೆಂಪೆಣ್ಣಿ ತುಂಬಿಸಿ ಊರ ಹೊರಗಿನ ತನಕ ಓಡಿಸಿದ್ವಿ. ಒದೆಯೋದು ನಿಂತಿತ್ತು.

"ಬೆಣ್ಣಿ ಆತಲ್ರೀ ಬೂಬಮ್ಮ," ಅಂದಳು.

"ಮತ್ತೇನು," ಅಂದೆ.

ಮರುದಿನ ಮುಂಜಾನಿ ಆಕಿ ಫೋನ್ ಬಂತು. ಜೀಪು ತಗೊಂಡು ಹೋದೆ. ಮಾಗಳದಿಂದ ಬರೋ ದಾರಿಯಾಗ ಜೋಳದ ಹೊಲದ ಅಂಚಿಗೆ ಗಾಡಿ ನಿಂತಿತ್ತು. ಹಿಂದ ಹಸೀ ಬಟ್ಟಿ ಮುಚ್ಚಿದ ಮೊಗ್ಗಿನ ಬುಟ್ಟಿ. ಆಕಿ ಎಂಜಿನ್ ಚಾಲೂ ಮಾಡಿ ತೋರಿಸಿದಳು. ಎಂಜಿನ್ ಅರಚತಿತ್ತು, ಗಾಲಿ ಮಿಸುಕಲಿಲ್ಲ.

ಕಡ್ಡಿ ಎಳೆದೆ. ಎಣ್ಣಿ ನೊರಿ ಎದ್ದಿತ್ತು. ಮೂಗಿನ ಹತ್ರ ಹಿಡಿದೆ. ಡೀಸೆಲ್.

"ಏನಾಗೈತ್ರಿ?"

ಕಡ್ಡಿ ಒರೆಸಿ ಒಳಗ ಇಟ್ಟೆ. "ಗಾಡಿಗೆ ವಯಸ್ಸಾತವ್ವ. ಬಾಕ್ಸ್ ಸತ್ತೈತಿ," ಅಂದೆ.

ಆ ಮಾತು ಹೆಂಗ ಬಾಯಿಗೆ ಬಂತೋ ನನಗ ಇವತ್ತಿಗೂ ತಿಳಿದಿಲ್ಲ. ಯೋಚನಿ ಮಾಡಿ ಹೇಳಿದ ಸುಳ್ಳಲ್ಲ ಅದು, ಕೈ ಬಿಸಿ ತಾಕಿದಾಗ ಹಿಂದ ಸರಿದಂಗ ತಾನೇ ಬಂತು. ಆದರ ಬಂದ ಮ್ಯಾಲ ಅದನ್ನ ವಾಪಸ್ ತಗೊಳ್ಳಲಿಲ್ಲ. ಅದು ಮಾತ್ರ ಯೋಚನಿ ಮಾಡಿಯೇ.

ಬುಟ್ಟಿಗಳನ್ನ ಜೀಪಿಗೆ ಹಾಕಿಕೊಂಡು, ಗಾಡಿಗೆ ಹಗ್ಗ ಕಟ್ಟಿ ಎಳಕೊಂಡು ಬರೋ ಹೊತ್ತಿಗೆ ಬಸ್ಸು ಹೋಗಿತ್ತು. ಬಿಸಿಲೇರಿದ ಹಂಗ ಮೊಗ್ಗು ಬಿರಿದವು. ಬಿರಿದ ಮಲ್ಲಿಗಿ ಯಾರಿಗೂ ಬ್ಯಾಡ. ಅರ್ಧ ಗುಡಿಗೆ, ಅರ್ಧ ದರ್ಗಾಕ್ಕ ಕೊಟ್ಟು ಬಂದಳು.

ಆಮ್ಯಾಲ ಬೆಂಚಿನ ಮ್ಯಾಲ ಕುಂತು ಕೇಳಿದಳು, "ಸರಿ ಆಗತೈತೇನ್ರಿ? ಇಲ್ಲಾಂದ್ರ ಈಗಲೇ ಹೇಳ್ರಿ. ಗುಜರಿಗೆ ಹಾಕಿ ಮೈದುನಗ ತೋಟ ಬಿಟ್ಟು ಮನ್ಯಾಗ ಕುಂದರತೀನಿ."

"ನೋಡ್ತೀನಿ," ಅಂದೆ. "ಅಲ್ಲೀತನಕ ಮುಂಜಾನಿ ಜೀಪಿನ್ಯಾಗ ನಾನೇ ಕರಕೊಂಡು ಹೋಗ್ತೀನಿ."

ಬಾಕ್ಸ್ ಸತ್ತೈತಿ ಅಂದದ್ದೂ ಜೀಪಿನ ಸುದ್ದೀನೂ ಊರಾಗ ಹರಡಿತು. ಬೂಬಮ್ಮನ ಬಾಯಿ ಒರಟು, ಆದರ ಕುಂಟ ಹೆಣ್ಣುಮಗಳಿಗೆ ಎಷ್ಟು ಮಾಡ್ತಾಳ ನೋಡು ಅಂದರು. ಚಾದ ಅಂಗಡಿಯವ ಚಾಕ್ಕ ರೊಕ್ಕ ಬ್ಯಾಡ ಅಂದ. ನಾನು ಆ ಚಾ ಕುಡಿದೆ. ಇದನ್ನ ಬರೆಯುವಾಗ ಡೀಸೆಲ್ಲಿಗಿಂತ ಆ ಚಾನೇ ಹೆಚ್ಚು ನಾಚಿಕಿ ತರತೈತಿ.

ಮಾಗಳದಾಗ ಮೈದುನ ದಿನಾ ಎದುರಿಗೆ ಸಿಗತಿದ್ದ. ಬೈಕಿನ ಹಿಂದ ಬುಟ್ಟಿ ಕಟ್ಟಿಕೊಂಡು ನಮಗಿಂತ ಮುಂಚೆ ಬಂದು ನಿಂತಿರತಿದ್ದ.

"ಏನತ್ತಿಗಿ, ಗ್ಯಾರೇಜನ್ನೇ ಹೊತ್ಕೊಂಡು ಬಂದೀಯಲ್ಲ."

"ನಿನಗೂ ಜಾಗ ಐತಿ, ಹತ್ತಪ್ಪ," ಅಂದಳು ಆಕಿ.

"ಬ್ಯಾಡವ್ವ. ಬೂಬಮ್ಮಗೂ ವಯಸ್ಸಾತು, ಜೀಪಿಗೂ ವಯಸ್ಸಾತು. ಯಾವುದು ಎಲ್ಲಿ ನಿಲ್ಲತೈತೋ ಯಾರಿಗ್ಗೊತ್ತು."

ತೋಟದವರು ನಕ್ಕರು. ಅವತ್ತು ಎರಡು ತೋಟದ ಹೂವು ಅವನ ಬುಟ್ಟಿಗೆ ಬಿತ್ತು.

ಆ ದಿನವೇ ಹರಪನಹಳ್ಳಿ ಮೇಸ್ತ್ರಿಗೆ ಫೋನ್ ಮಾಡಿದೆ. ಹಡಗಲಿಯಾಗ ಅವನ ಬೀಗರ ಮನಿ ಐತಂತ, ಬಂದ. ದಪ್ಪ ಮನುಷ್ಯ, ಬಾಯಿ ಜೋರು. ಕುರ್ಚಿ ಹಾಕಿಸಿಕೊಂಡು ಮಿರ್ಚಿ ಮಂಡಕ್ಕಿ ತರಿಸಿಕೊಂಡು ಕುಂತ. ಅವನ ಮಾತು ದಾವಣಗೆರಿ ಕಡೆ ವಾಲತೈತಿ, ನನ್ನ ಖಾಲಾ, ಅಂದ್ರ ಚಿಗವ್ವ ಅಂತ ಕರೀತಾನ.

"ಈ ಕಡೆ ಐದು ತಾಲೂಕಲ್ಲಿ ಇಂಥ ಗಾಡಿ ಎಷ್ಟು ಐತೆ ಖಾಲಾ? ಬೆರಳಲ್ಲಿ ಎಣಿಸಬೋದು. ಅದ್ರಲ್ಲಿ ಒಂದನ್ನ ನೀವು ಮುಗಿಸಿದ್ರಿ," ಅಂದ. ಆಮ್ಯಾಲ, "ಎಣ್ಣೆ ಬದಲಾಯಿಸುವಾಗ ಒಳಗೆ ಏನೇನು ಹಾಕಿದ್ರಿ?"

ಹೂವಿನಾಕಿ ಬೆಂಚಿನ ಮ್ಯಾಲೇ ಇದ್ದಳು.

"ಹೊಸ ಎಣ್ಣಿ," ಅಂದೆ. "ಅಷ್ಟೇ."

ಅವನು ಎದ್ದು ಕಡ್ಡಿ ಎಳೆದು ಎಣ್ಣಿಯನ್ನ ಬೆರಳಿನ್ಯಾಗ ತಿಕ್ಕಿದ. ನನ್ನ ಮುಖ ನೋಡಿದ. "ಕೈ ತೊಳಿಯೋಕೆ ನೀರು ಎಲ್ಲೈತೆ?" ಅಂದ. ಹಿಂದಿನ ತಗಡಿನ ಮರೆಗೆ ಕರಕೊಂಡು ಹೋದೆ.

"ಖಾಲಾ, ಡೀಸೆಲ್."

"ಹೂಂ."

"ಟ್ರ್ಯಾಕ್ಟರಿಗೆ ಹಾಕ್ದಂಗೆ ಹಾಕಿದೀರಿ."

"ಹೂಂ."

ಅವನು ಗೋಡೆ ಹಿಡಿದು ಹೊಟ್ಟಿ ಕುಣಿಯಂಗ ನಕ್ಕ, ಆದರ ಸದ್ದು ಮಾಡಲಿಲ್ಲ. ನಾನು ನಲ್ಲಿ ಬಿಟ್ಟು ನಿಂತೆ. ಕೈ ತೊಳೆದು ಹೇಳಿದ, "ಹಳೇ ಹೊಲಸು ಅದರ ಪಾಡಿಗೆ ಅಂಟಿಕೊಂಡು ಕೂತಿತ್ತು. ನಿಮ್ಮ ಡೀಸೆಲ್ ಅದನ್ನ ಎಬ್ಬಿಸಿ ಎಣ್ಣೆ ಸೋಸೋ ಜಾಲರಿಗೆ ತಂದು ಮೆತ್ತೈತೆ. ಎಣ್ಣೆ ಮೇಲೆ ಹೋಗ್ತಿಲ್ಲ. ಹೋದ ಎಣ್ಣೆನೂ ತೆಳ್ಳಗಾಗೈತೆ, ಒತ್ತಡ ಹಿಡಿಯಲ್ಲ, ಒಳಗಿನ ಕ್ಲಚ್ ಬಿಲ್ಲೆ ಒಂದನ್ನೊಂದು ಹಿಡೀದೆ ಜಾರ್ತಾವೆ. ಕೆಳಗಿನ ಎಣ್ಣೆ ಪ್ಯಾನ್ ಬಿಚ್ಚಿ ನೋಡ್ರಿ. ಪ್ಯಾನಲ್ಲಿ ಅಯಸ್ಕಾಂತ ಇರ್ತದೆ. ಅದರ ಮೇಲೆ ಕಾಡಿಗೆ ಥರ ಮೆತ್ತಗಿದ್ರೆ ಗಾಡಿ ಉಳಿತದೆ. ಕಬ್ಬಿಣದ ಚೂರು ಸಿಕ್ರೆ ಗುಜರಿ."

"ಆಕಿಗೆ ಹೇಳ್ತೀಯೇನು?"

"ನಿಮ್ಮ ಗಿರಾಕಿ, ನಿಮ್ಮ ಬಾಯಿ. ನಂಗ್ಯಾಕೆ?"

ಪ್ಯಾನ್ ಬಿಚ್ಚುವಾಗ ಅವನು ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಗಾಡಿ ಕೆಳಗ, ಅವನ ಮಾತು ಮ್ಯಾಲ. ಬೋಲ್ಟ್‌ಗಳನ್ನ ಒಂದೇ ಕಡೆಯಿಂದ ಬಿಚ್ಚಬ್ಯಾಡ್ರಿ, ಮೂಲಿ ಬಿಟ್ಟು ಮೂಲಿ. ಅಂಚು ಚಾಣದಿಂದ ಮೀಟಬ್ಯಾಡ್ರಿ. ಹೂವಿನಾಕಿ ಬಡಿಗಿ ಊರಿ ಬಂದು ಬಗ್ಗಿ ನೋಡತಿದ್ದಳು. ಪ್ಯಾನ್ ಇಳೀತು. ಅಯಸ್ಕಾಂತ ಕೈಯಾಗ ಹಿಡಿದು ಹೊರಗ ತೆವಳಿ ಬಂದೆ. ಬೆರಳಿನಿಂದ ತೆಗೆದೆ, ಕರೇ ಬೆಣ್ಣಿಯಂಗ ಬಂತು. ಎರಡು ಬೆರಳಿನ ನಡುವ ತಿಕ್ಕಿದೆ. ಚೂರು ಸಿಗಲಿಲ್ಲ. ಮತ್ತೊಮ್ಮೆ ತಿಕ್ಕಿದೆ.

"ಏನು ಹುಡುಕ್ತೀರಿ?" ಅಂದಳು ಆಕಿ.

"ಬದುಕತೈತೋ ಇಲ್ಲೋ ಅಂತ."

"ಬದುಕತೈತೇನು?"

ಮೇಸ್ತ್ರಿ ಮಂಡಕ್ಕಿ ಅಗಿಯುತ್ತಾ ಅಂದ, "ಅಕ್ಕಾರೆ, ಗಾಡಿ ಗಟ್ಟಿ ಐತೆ. ಇನ್ನು ಖಾಲಾ ಎಷ್ಟು ಗಟ್ಟಿ ನೋಡಬೇಕು."

ಜಾಲರಿ ಪೂರ್ತಿ ಕಟ್ಟಿತ್ತು, ಹೆಪ್ಪುಗಟ್ಟಿದ ಮೊಸರಿನಂಗ ಹೊಲಸು. ಬದಲಿ ಜಾಲರಿ ಅವನ ಹತ್ರ ಇತ್ತು. ನಾನು ಪ್ಯಾನ್ ಒರೆಸಾಕ ನೂಲಿನ ವೇಸ್ಟ್ ತಗೊಂಡೆ. ಮೇಸ್ತ್ರಿ ಎದ್ದು ಬಂದು ಕೈಯಿಂದ ಕಿತ್ತುಕೊಂಡ. "ಒಂದು ಎಳೆ ಒಳಗೆ ಹೋದ್ರೆ ಸಾಕು, ಸಣ್ಣ ದಾರಿ ಮುಚ್ಚಿ ಹೋಗ್ತದೆ. ಬಿಸಿಲಿಗೆ ಇಡ್ರಿ, ಆರ್ಲಿ." ಮುಂದಿನದನ್ನ ಹೇಳಿಕೊಟ್ಟು ಬೀಗರ ಮನಿಗೆ ಊಟಕ್ಕ ಹೋದ, ಅಲ್ಲಿಂದ ಹರಪನಹಳ್ಳಿಗೆ ಹೋದ.

ಪ್ಯಾನ್ ಕೂರಿಸುವಾಗ ಮತ್ತ ನನ್ನ ಟ್ರ್ಯಾಕ್ಟರಿನ ಕೈ ಕೆಡಿಸಿತು. ಸಣ್ಣ ಪಾನಾ, ಮಣಿಕಟ್ಟಿನ ಬಲ ಸಾಕು ಅಂತ ಹೇಳಿ ಹೋಗಿದ್ದ. ಸೋರಬಾರದು ಅಂತ ಉದ್ದನೆ ಪಾನಾ ಹಾಕಿ ಎಳೆದೆ. ಒಂದು ಬೋಲ್ಟಿನ ತಲಿ ಕಿತ್ತು ಕೈಗೆ ಬಂತು. ಹೂವಿನಾಕಿ ನೋಡಿದಳು. ಒಳಗ ಉಳಿದ ತುಂಡು ತೆಗೆಸಿ ತೂತಿಗೆ ಹೊಸಾ ತಿರುಪು ಕೊರೆಸಾಕ ಹಗರಿಬೊಮ್ಮನಹಳ್ಳಿಯಿಂದ ಲೇತ್ ಕೆಲಸದವನ್ನ ಕರೆಸಬೇಕಾತು. ಆ ಕೆಲಸಕ್ಕ ದಿನ ಹೋದವು. ಅಷ್ಟರಾಗ ಮತ್ತೊಂದು ತೋಟ ಮೈದುನನ ಕಡೆ ಹೋತು.

ಆಮ್ಯಾಲ ಕೊಡದೊಳಗಿನ ಡೀಸೆಲ್ ತೆಗೆಯೋ ಕೆಲಸ. ಪ್ಯಾನಿಗೆ ಹೊಸ ಎಣ್ಣಿ ತುಂಬಿಸಬೇಕು. ರೇಡಿಯೇಟರಿಗೆ ಎಣ್ಣಿ ತಣ್ಣಗಾಗಾಕ ಹೋಗೋ ರಬ್ಬರ್ ಪೈಪ್ ಬಿಚ್ಚಿ ಬಾಟಲಿಗೆ ಹಿಡೀಬೇಕು. ಎಂಜಿನ್ ಚಾಲೂ ಮಾಡಿದರ ಪಂಪು ಒಳಗಿನದನ್ನ ತಾನೇ ಹೊರಗ ಉಗುಳತೈತಿ. ಬಾಟಲಿ ತುಂಬಿದ ಕೂಡಲೇ ಬಂದ್ ಮಾಡಬೇಕು. ತಡ ಆದರ ಪಂಪು ಒಣಗಿ ಸುಡತೈತಿ. ಹೊರಗ ಬಂದಷ್ಟೇ ಹೊಸದು ಸುರುವಬೇಕು. ಹೊರಗ ಬರೋದು ಕೆಂಪಗಾಗೋ ತನಕ ಇದನ್ನ ಮತ್ತ ಮತ್ತ ಮಾಡಬೇಕು. ಒಬ್ಬರಿಂದ ಆಗೋ ಕೆಲಸ ಅಲ್ಲ. ಚಾವಿ ಹಿಡಿಯಾಕ ಹೂವಿನಾಕೀನೇ ಒಳಗ ಕುಂದರಿಸಿದೆ.

"ನಾ ಹಾಕು ಅಂದಾಗ ಹಾಕು, ಬಂದ್ ಅಂದಾಗ ಬಂದ್. ನಡುವ ವಿಚಾರ ಮಾಡಬ್ಯಾಡ."

"ಸರಿ ಬೂಬಮ್ಮ."

"ಹಾಕು."

ಪೈಪು ನಡುಗಿ ಎಣ್ಣಿ ಚಿಮ್ಮಿತು. ಕರೇದು, ತೆಳ್ಳಗ, ನೀರಿನಂಗ. ಡೀಸೆಲ್ ವಾಸನಿ ಗ್ಯಾರೇಜ್ ತುಂಬಿತು. "ಬಂದ್." ಬಂದ್ ಆತು. ಆಕಿ ಕಿಟಕಿಯಿಂದ ತಲಿ ಹೊರಗ ಹಾಕಿದಳು.

"ಏನು ವಾಸನಿ ಇದು?"

"ಹಳೇ ಎಣ್ಣಿ ಹಿಂಗೇ ನಾರತೈತಿ."

ಮೂರನೇ ಸುಳ್ಳು. ಇದು ತಾನಾಗಿ ಬಂದದ್ದಲ್ಲ, ತಯಾರ್ ಇಟ್ಟುಕೊಂಡಿದ್ದೆ. ಆಕಿ ತಲಿ ಒಳಗ ತಗೊಂಡಳು. "ಹಾಕು" ಅಂದೆ, ಹಾಕಿದಳು. "ಬಂದ್" ಅಂದೆ, ಬಂದ್ ಮಾಡಿದಳು. ಒಂದು ಸಲನೂ ತಪ್ಪಲಿಲ್ಲ. ನನ್ನ ಗಂಡನ ಕೂಡನೂ ನಾನು ಇಷ್ಟು ಸಲೀಸಾಗಿ ಕೆಲಸ ಮಾಡಿಲ್ಲ. ಕಡೀಗೆ ಬಾಟಲಿಯಾಗ ಕೆಂಪು ಬಂತು, ದಾಳಿಂಬರಿ ರಸದಂಗ. ಮೂಸಿ ನೋಡಿದೆ. ಡೀಸೆಲ್ ಹೋಗಿತ್ತು.

ಎಣ್ಣಿ ಮಟ್ಟ ನೋಡೋದನ್ನೂ ಹೊಸದಾಗಿ ಕಲಿತೆ. ಎಂಜಿನ್ ಬಂದ್ ಮಾಡಿ, ತಣ್ಣಗಾದ ಮ್ಯಾಲ ಕಡ್ಡಿ ನೋಡೋದು ನಾವು ಬಲ್ಲ ರೀತಿ. ಇದಕ್ಕ ಗಾಡಿ ಓಡಿಸಿ ಬಿಸಿ ಮಾಡಿ, ಸಮ ನೆಲದ ಮ್ಯಾಲ ನಿಲ್ಲಿಸಿ, ಎಂಜಿನ್ ಓಡತಿರುವಾಗಲೇ ಕಡ್ಡಿ ಎಳೀಬೇಕು. ಎಳೆದೆ. ಗೆರಿಗೆ ಸರಿಯಾಗಿತ್ತು. ಆಮ್ಯಾಲ ಊರ ಹೊರಗಿನ ತನಕ ಓಡಿಸಿದ್ವಿ. ಎರಡನೇ ಗೇರಿನಿಂದ ಮೂರಕ್ಕ ಹೋಗುವಾಗ ಒಮ್ಮೆ ಜಾರಿತು. ಮರಳಿ ಬರುವಾಗ ಜಾರಲಿಲ್ಲ. ಮತ್ತ ಹೋದ್ವಿ, ಬಂದ್ವಿ. ಜಾರಲಿಲ್ಲ.

ಮರುದಿನ ಮುಂಜಾನಿ ಆಕಿ ತನ್ನ ಗಾಡಿಯಾಗೇ ಮಾಗಳಕ್ಕ ಹೊಂಟಳು. ಬಾಕ್ಸಿನ ಸದ್ದು ಕೇಳಾಕ ನಾನು ಪಕ್ಕದಾಗ ಕುಂತೆ. ಸದ್ದು ಚಲೋ ಇತ್ತು. ಬುಟ್ಟಿಗಳನ್ನ ಹಿಡಕೊಂಡು ಇಳಿದ್ವಿ.

ತೋಟದಾಗ ಹಿರಿಯ ಒಬ್ಬ ಅದಾನ, ಅವನು ಒಪ್ಪಿದ್ದನ್ನ ಉಳಿದವರು ಒಪ್ಪತಾರ. ಅವನ ಟ್ರ್ಯಾಕ್ಟರ್ ಅವನ ಅಪ್ಪನ ಕಾಲದಿಂದ ನಮ್ಮ ಗ್ಯಾರೇಜಿಗೇ ಬರತೈತಿ. ಅವನು ಆಕಿ ಬುಟ್ಟಿ ಮುಟ್ಟಲಿಲ್ಲ.

"ತಂಗಿ, ಸಿಟ್ಟಾಗಬ್ಯಾಡ," ಅಂದ. "ನಾವು ಎಲ್ಲಾ ಮಾತಾಡಿಕೊಂಡೀವಿ. ಇನ್ನು ನಿನ್ನ ಮೈದುನಗೇ ಕೊಡೋದು ಅಂತ."

"ಯಾಕಣ್ಣ? ಗಾಡಿ ಬಂದೈತಲ್ಲ."

"ಇವತ್ತು ಬಂದೈತಿ. ನಾಳಿ?"

ಮೈದುನ ಬೈಕಿಗೆ ಒರಗಿದ್ದ. "ನಾ ಹೇಳಿದ್ದಲ್ಲತ್ತಿಗಿ. ಬಾಕ್ಸ್ ಸತ್ತೈತಿ, ಗಾಡಿಗೆ ವಯಸ್ಸಾಗೈತಿ ಅಂತ ಬೂಬಮ್ಮನೇ ಹೇಳ್ಯಾಳ. ಊರಿಗೇ ಗೊತ್ತು. ಆಕಿಗಿಂತ ಬಲ್ಲವರು ಯಾರದಾರ ಇಲ್ಲಿ?"

ಹಿರಿಯ ನನ್ನ ಕಡೆ ತಿರುಗಿದ. "ಖರೆ ಏನವ್ವ? ನೀ ಒಂದು ಮಾತು ಹೇಳು, ಅದೇ ಕಡೀ ಮಾತು. ಈ ಗಾಡಿ ನಂಬಬೌದೋ ಇಲ್ಲೋ?"

ನಂಬಬೌದು ಅಂದರ ಸಾಕಿತ್ತು ಅನಿಸಬೌದು. ಸಾಕಾಗತಿರಲಿಲ್ಲ. ಸತ್ತೈತಿ ಅಂದ ಬಾಯಿಂದಲೇ ಬದುಕೈತಿ ಅಂದರ, ಕನಿಕರಕ್ಕ ಹೇಳ್ತಾಳ ಅನ್ನತಿದ್ದರು. ಆಕಿ ನನ್ನ ನೋಡಲಿಲ್ಲ, ಬಡಿಗಿ ತುದಿಯಿಂದ ಮಣ್ಣು ಕೆದರತಿದ್ದಳು.

"ಗಾಡಿ ಸತ್ತಿರಲಿಲ್ಲ," ಅಂದೆ. "ವಯಸ್ಸಿನಿಂದ ಕೆಟ್ಟದ್ದೂ ಅಲ್ಲ. ನಿಮ್ಮ ಟ್ರ್ಯಾಕ್ಟರಿಗೆ ಹಾಕಿದಂಗ ಅದಕ್ಕೂ ಡೀಸೆಲ್ ಜಳಕ ಹಾಕಿದೆ. ಅದಕ್ಕ ಹಾಕಬಾರದಂತ. ನನಗ ಗೊತ್ತಿರಲಿಲ್ಲ, ಕೇಳು ಅಂದವರ ಮಾತೂ ಕೇಳಲಿಲ್ಲ. ನಿಂತ ದಿನವೇ ಕಡ್ಡಿ ಮೂಸಿ ತಿಳಕೊಂಡೆ. ತಿಳಿದೂ ಗಾಡಿ ಮ್ಯಾಲ ಹಾಕಿದೆ. ಈಗ ಆ ಡೀಸೆಲ್ ತೆಗೆದೀವಿ. ಗಾಡಿ ಗಟ್ಟಿ ಐತಿ."

ಮೊಗ್ಗು ಬಿಡಿಸತಿದ್ದ ಹೆಂಗಸರು ಕೈ ನಿಲ್ಲಿಸಿದ್ದರು. ಒಬ್ಬ ತರುಣ ಸಾಲಿನ ನಡುವಿನಿಂದ ಅಂದ, "ಹಂಗಾದ್ರ ನಮ್ಮ ಟ್ರ್ಯಾಕ್ಟರಿನ್ಯಾಗ ಏನೇನು ಸುರುವ್ಯಾಳೋ." ನಗು ಹಬ್ಬಿತು. ಮೈದುನನೂ ನಕ್ಕ, ಆಮ್ಯಾಲ ತನ್ನ ಕೆಲಸ ಕೆಟ್ಟಿತು ಅಂತ ತಿಳಿದು ನಿಲ್ಲಿಸಿದ.

ಹಿರಿಯ ಮಾತ್ರ ನಗಲಿಲ್ಲ. ನಗು ನಿಲ್ಲಲಿ ಅಂತ ಕೈ ಎತ್ತಿದ. ಕಡೀಗೆ ಹೂವಿನಾಕಿಗೆ ಅಂದ, "ನಿನ್ನ ಗಾಡೀದು ತಪ್ಪಿಲ್ಲ ಅಂದ ಮ್ಯಾಲ ಹೂವು ನಿನಗೇ ತಂಗಿ. ಹೋದ ತೋಟಾನೂ ವಾಪಸ್ ಕೊಡಸ್ತೀನಿ. ಆದ್ರ ಒಂದು ಮಾತು. ಇನ್ನು ಮ್ಯಾಲ ಈಕಿ ಕೈಗೆ ಗಾಡಿ ಕೊಡಬಾರದು."

ಆಕಿ ಬಾಯಿ ತೆರೆಯೋ ಮುಂಚೆ ನಾನೇ "ಕೊಡಂಗಿಲ್ಲ" ಅಂದೆ.

ಬುಟ್ಟಿ ತುಂಬಿದವು. ಹಸೀ ಬಟ್ಟಿ ಮುಚ್ಚಿ ಹಿಂದಿನ ಸೀಟಿನ್ಯಾಗ ಇಟ್ಟೆ. ಗಾಡಿ ಟಾರ್ ರೋಡಿಗೆ ಹತ್ತಿದ ಮ್ಯಾಲ ನಾನು ಅಂದೆ, "ನಿನಗ ಮೊದಲೇ ಹೇಳಬೇಕಿತ್ತು. ಮಂದಿ ಮುಂದ ನಿನ್ನ ಕಿವಿಗೆ ಹಿಂಗ ಬೀಳಬಾರದಿತ್ತು."

"ನನಗ ಗೊತ್ತಿತ್ತ್ರಿ ಬೂಬಮ್ಮ."

"ಏನು ಗೊತ್ತಿತ್ತು?"

"ನೀವು ಡೀಸೆಲ್ ಸುರುವುವಾಗ ನಾ ಬೆಂಚಿನ ಮ್ಯಾಲೇ ಇದ್ದೆನಲ್ಲ. ಅದು ತಪ್ಪು ಅಂತ ಆಗ ಗೊತ್ತಿರಲಿಲ್ಲ. ಮೇಸ್ತ್ರಿ ಏನು ಹಾಕಿದ್ರಿ ಅಂದಾಗ ನೀವು ಬರೇ ಎಣ್ಣಿ ಅಂದ್ರಲ್ಲ, ಆಗ ತಿಳೀತು."

ಎದುರಿಗೆ ಬಸ್ಸು ಬಂತು, ಗಾಡಿ ಬದಿಗೆ ತಗೊಂಡಳು.

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರ ನೀವು ಸಿಟ್ಟಿಗೆದ್ದು ಗಾಡಿ ಹೊರಗ ದಬ್ಬತಿದ್ರಿ. ಬಿಚ್ಚಿದ್ದು ಬಿಚ್ಚಿದಂಗೇ ಬಿಡತಿದ್ರಿ. ನನಗ ಗಾಡಿ ಬೇಕಾಗಿತ್ತು."

ದನಿ ಏರಿಸಲಿಲ್ಲ, ಚುಚ್ಚಿ ಹೇಳಲಿಲ್ಲ. ಇವತ್ತು ಗಾಳಿ ಐತಿ ಅನ್ನೋ ಹಂಗ ಹೇಳಿದಳು. ಹಂಗ ಮಾಡತಿರಲಿಲ್ಲ ಅನ್ನಾಕ ಹೋದೆ. ಮಾಡತಿದ್ದೆ. ತಪ್ಪು ತೋರಿಸಿದ ಗಿರಾಕಿಗಳ ಗಾಡಿ ಅರ್ಧಕ್ಕ ಬಿಚ್ಚಿದ್ದನ್ನ ಬೀದಿಗೆ ದಬ್ಬೀನಿ. ಅದನ್ನ ಖಡಕ್ ಸ್ವಭಾವ ಅಂತ ತಿಳಕೊಂಡಿದ್ದೆ. ಆಕಿ "ಸರಿ ಬೂಬಮ್ಮ" ಅಂದು ಚಾವಿ ತಿರುವಿದ್ದೆಲ್ಲ, ಹಾಯೋ ಎಮ್ಮಿಯ ಹತ್ರ ಮೆಲ್ಲಕ ಹೋಗಿ ಹಾಲು ಹಿಂಡಿಕೊಂಡಂಗ. ನಾನು ಚಲೋ ಕೆಲಸ ನಡದೈತಿ ಅಂತ ಒಳಗೊಳಗ ಹಿಗ್ಗಿದ್ದೆ.

ಬಸ್ ಸ್ಟ್ಯಾಂಡಿನ್ಯಾಗ ಬುಟ್ಟಿ ಇಳಿಸಿ ದಾವಣಗೆರಿ ಬಸ್ಸಿಗೆ ಏರಿಸಿದ್ವಿ. ಹೊತ್ತಿಗೆ ಸರಿಯಾಗಿ ಹೋತು.

"ಬರ್ರಿ, ಗ್ಯಾರೇಜಿಗೆ ಬಿಡ್ತೀನಿ," ಅಂದಳು.

"ಬ್ಯಾಡ. ನಡಕೊಂಡು ಹೋಗ್ತೀನಿ."

ಆಕಿ ಒತ್ತಾಯ ಮಾಡಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದಳು. ಸಂತಿ ದಾರಿ ಹಿಡಿದು ಬರುವಾಗ ಟ್ರ್ಯಾಕ್ಟರಿನವನೊಬ್ಬ ಗಾಡಿ ನಿಧಾನ ಮಾಡಿ, "ಬೂಬಮ್ಮ, ಹತ್ತರಿ, ಅದೇ ಕಡೆ ಹೊಂಟೀನಿ," ಅಂದ. ಮಾಗಳದ ಸುದ್ದಿ ಅವನಿಗೆ ಇನ್ನೂ ಮುಟ್ಟಿರಲಿಲ್ಲ. "ಮಾಗಳದ ಸುದ್ದಿ ಕೇಳಿದ ಮ್ಯಾಲೂ ಹತ್ತಿಸಿಕೊಳ್ಳಬೇಕು ಅನಿಸಿದ್ರ ಆಗ ಕರಿ, ತಮ್ಮ," ಅಂತ ಹೇಳಿ ಮುಂದ ನಡೆದೆ.